ಮೀನಿನ ತಿಂಡಿಗೆ ಗಂಧಕ ಹಾಕಬೇಕಾ? ನಾಲ್ಕು ತಿಂಗಳಾದರೂ ತೂಕ ಬರ್ತಾ ಇಲ್ಲ

ತೋಟದ ಕೆರೆ, ಪೆರ್ಲ
ಎಲ್ಲರಿಗೂ ನಮಸ್ಕಾರ. ನಮ್ಮ ಅಡಕೆ ತೋಟದ ಕೆಳಗೆ ಅಜ್ಜನ ಕಾಲದ ಒಂದು ಕೆರೆ ಇದೆ. ಕೆಂಪುಕಲ್ಲು ಕಡಿದು ಮಾಡಿದ್ದು, ಹೆಚ್ಚುಕಮ್ಮಿ ಐದು ಸೆಂಟ್ಸ್. ಮೇಲಿನ ಸುರಂಗದ ನೀರು ಬಂದು ಬೀಳುತ್ತದೆ, ಬೇಸಿಗೆಯಲ್ಲೂ ಬತ್ತುವುದಿಲ್ಲ. ಅದಕ್ಕೆ ಸಾವಿರ ಗಿಫ್ಟ್ ತಿಲಾಪಿಯ ಮರಿ ಬಿಟ್ಟು ನಾಲ್ಕು ತಿಂಗಳಾಯಿತು. ನಿನ್ನೆ ಬಲೆ ಬೀಸಿ ಹತ್ತು ಮೀನು ತೂಗಿದೆವು, ಹತ್ತೂ ಸೇರಿ 880 ಗ್ರಾಂ. ಕಾಲು ಕಿಲೋದ ಮೀನು ಸಿಗುತ್ತದೆ ಅಂತ ನಂಬಿಸಿದ್ದರು.

ಮೊದಲ ತಿಂಗಳು ಅಂಗಡಿಯ ತೇಲುವ ತಿಂಡಿ ಕೊಟ್ಟೆ. ಚೀಲದ ರೇಟು ನೋಡಿ ಬಿಟ್ಟೆ. ಈಗ ನೆಲಗಡಲೆ ಹಿಂಡಿ ಅರ್ಧ, ತೌಡು ಅರ್ಧ. ರಾತ್ರಿ ನೆನೆಸಿ ಬೆಳಗ್ಗೆ ಉಂಡೆ ಮಾಡಿ ಬುಟ್ಟಿಯಲ್ಲಿ ಇಳಿಸುತ್ತೇನೆ, ದಿನಕ್ಕೆ ಮೂರು ಕಿಲೋ. ಪರಿಚಯದವರೊಬ್ಬರು ಮೀನು ಬೆಳೆಯಲಿಕ್ಕೆ ಗಂಧಕ ಬೇಕು, ನಿಮ್ಮ ತಿಂಡಿಯಲ್ಲಿ ಅದಿಲ್ಲ ಅಂದರು. ಮನೆಯಲ್ಲಿ ತರಕಾರಿಗೆ ಹೊಡೆಯಲು ತಂದ ಗಂಧಕದ ಪುಡಿ ಇತ್ತು, ಮೂರು ದಿನ ಒಂದೊಂದು ಚಮಚ ಕಲಸಿದೆ. ಇನ್ನೊಬ್ಬರು ಅದಲ್ಲ, ಬೆಳ್ಳುಳ್ಳಿ ಹಾಕು ಅಂದರು. ಈಗ ದಿನಾ ನೂರು ಗ್ರಾಂ ಬೆಳ್ಳುಳ್ಳಿ ಜಜ್ಜುತ್ತಾ ಇದ್ದೇನೆ. ನಮ್ಮ ಮನೆಯಲ್ಲಿ ಮೀನೂ ಇಲ್ಲ, ಬೆಳ್ಳುಳ್ಳಿಯೂ ಇಲ್ಲ. ಹೆಂಡತಿ ಕಡೆಯುವ ಕಲ್ಲನ್ನು ಅಂಗಳಕ್ಕೆ ಹಾಕಿದ್ದಾಳೆ.

ಯಾವ ಗಂಧಕ, ಎಷ್ಟು ಹಾಕಬೇಕು? ಇನ್ನೊಂದು ವಿಷಯ, ಕೆರೆಯ ಕೆಸರು ಕದಡಿದರೆ ಕೊಳೆತ ಮೊಟ್ಟೆಯ ವಾಸನೆ ಬರುತ್ತದೆ. ಅದೂ ಗಂಧಕದ್ದೇ ಅಂತೆ. ಹಾಗಾದರೆ ಕೆರೆಯಲ್ಲಿ ಬೇಕಾದಷ್ಟು ಇದೆ ಅಂತ ಅಲ್ವಾ?

ಕುಂಬಳೆ ಕಡಲು
ಗಂಧಕದ ಪುಡಿ ಮೊದಲು ನಿಲ್ಲಿಸಿ ಮಾರಾಯ್ರೆ. ಉಳಿದದ್ದು ಮತ್ತೆ ಮಾತಾಡುವಾ.

ಹಟ್ಟಿಗೊಬ್ಬರ
ಯಾಕೆ ನಿಲ್ಲಿಸಬೇಕು? ದನಕ್ಕೆ ಕೊಡುವ ಮಿನರಲ್ ಮಿಕ್ಸ್ಚರ್ ಚೀಲದ ಹಿಂದೆ ಓದಿ ನೋಡಿ, ಗಂಧಕ ಅಂತಲೇ ಬರೆದಿರುತ್ತದೆ. ನಮ್ಮ ಹಟ್ಟಿಯ ದನ ಹತ್ತು ವರ್ಷದಿಂದ ತಿನ್ನುತ್ತಾ ಇದೆ, ಏನೂ ಆಗಿಲ್ಲ. ಒಂದು ಚಮಚಕ್ಕೆ ಮೀನು ಸಾಯುತ್ತದಾ?

ಲ್ಯಾಬ್ ಅಕ್ಕ
ಸಾಯುವುದಿಲ್ಲ, ಆದರೆ ಉಪಯೋಗವೂ ಇಲ್ಲ. ದನದ ಲೆಕ್ಕ ಮೀನಿಗೆ ಹಾಕಬೇಡಿ ಅಣ್ಣ. ದನದ ಹೊಟ್ಟೆಯಲ್ಲಿ, ಅಂದರೆ ರೂಮೆನ್‌ನಲ್ಲಿ, ಕೋಟಿಗಟ್ಟಲೆ ಸೂಕ್ಷ್ಮಜೀವಿಗಳು ಇರುತ್ತವೆ. ಬರೀ ಗಂಧಕವನ್ನೋ ಸಲ್ಫೇಟನ್ನೋ ತೆಗೆದುಕೊಂಡು ಮೆಥಿಯೋನೀನ್, ಸಿಸ್ಟೀನ್ ಅನ್ನುವ ಗಂಧಕ ಇರುವ ಅಮೈನೋ ಆಮ್ಲಗಳನ್ನು, ಅಂದರೆ ಪ್ರೋಟೀನಿನ ಇಟ್ಟಿಗೆಗಳನ್ನು, ಮಾಡುವುದು ಅವು. ದನ ಆಮೇಲೆ ಆ ಜೀವಿಗಳನ್ನೇ ಜೀರ್ಣ ಮಾಡಿಕೊಳ್ಳುತ್ತದೆ. ಮೀನಿಗೆ ಆ ಅಡುಗೆಮನೆ ಇಲ್ಲ. ನಮಗೂ ಇಲ್ಲ, ಕೋಳಿಗೂ ಇಲ್ಲ.

ಮೀನಿಗೆ ಗಂಧಕ ಬೇಕು ಅಂದದ್ದು ಸುಳ್ಳಲ್ಲ. ಆದರೆ ಅದು ತಯಾರಾಗಿಯೇ ಬರಬೇಕು, ಮೆಥಿಯೋನೀನ್ ಅನ್ನುವ ಅಮೈನೋ ಆಮ್ಲದ ರೂಪದಲ್ಲಿ. ಅದರಿಂದ ಮೀನು ತಾನೇ ಸಿಸ್ಟೀನ್ ಮಾಡಿಕೊಳ್ಳುತ್ತದೆ, ತಿರುಗಿಸಿ ಸಿಸ್ಟೀನ್‌ನಿಂದ ಮೆಥಿಯೋನೀನ್ ಮಾಡಲಿಕ್ಕೆ ಬರುವುದಿಲ್ಲ. ತಿಂಡಿಯಲ್ಲಿ ಸಿಸ್ಟೀನ್ ಇದ್ದರೆ ಮೆಥಿಯೋನೀನ್‌ನ ಅವಶ್ಯಕತೆಯಲ್ಲಿ ಸುಮಾರು ಅರ್ಧದಷ್ಟು ಉಳಿಯುತ್ತದೆ. ಅದಕ್ಕೇ ಎರಡನ್ನೂ ಸೇರಿಸಿ ಲೆಕ್ಕ ಹಾಕುವುದು. ಮಾಂಸ ಕಟ್ಟಲಿಕ್ಕೆ ಬೇಕು, ಪಿತ್ತಜನಕಾಂಗದಲ್ಲಿ ಕೊಬ್ಬು ನಿಲ್ಲದಂತೆ ನೋಡಲಿಕ್ಕೆ ಬೇಕು, ಗ್ಲುಟಾಥಯೋನ್ ಅಂತ ಮೈಯನ್ನು ಕಾಯುವ ಒಂದು ವಸ್ತು ಇದೆ, ಅದಕ್ಕೂ ಸಿಸ್ಟೀನ್ ಬೇಕು.

ಹಟ್ಟಿಗೊಬ್ಬರ
ಸರಿ ಅಕ್ಕ, ದನದ ಮಾತು ವಾಪಸ್ ತಗೊಂಡೆ. ಇದು ಗೊತ್ತಿರಲಿಲ್ಲ.

ಬದಿಯಡ್ಕ ಕೋಳಿ
ಇದಕ್ಕೆ ಇಷ್ಟು ತಲೆಬಿಸಿ ಯಾಕೆ? ಕೋಳಿ ತಿಂಡಿಗೆ ಹಾಕುವ ಡಿಎಲ್ ಮೆಥಿಯೋನೀನ್ ಪುಡಿ ಸಿಗುತ್ತದೆ. ಬಿಳಿ ಪುಡಿ, ಮೂಗಿಗೆ ಹಿಡಿದರೆ ಕೊಳೆತ ಕೋಸಿನ ಹಾಗೆ ವಾಸನೆ. ಜೋಳ, ಸೋಯಾದಲ್ಲಿ ಕೋಳಿ ಸಾಕುವವರು ಅದಿಲ್ಲದೆ ಒಂದು ಚೀಲ ತಿಂಡಿಯೂ ಮಾಡುವುದಿಲ್ಲ. ನಮ್ಮ ಶೆಡ್ಡಿನಲ್ಲಿ ಒಮ್ಮೆ ಆ ಪುಡಿ ಬರುವುದು ತಡವಾಯಿತು. ಹದಿನೈದು ದಿನದಲ್ಲಿ ಕೋಳಿಗಳು ಒಂದರ ಪುಕ್ಕ ಒಂದು ಕಿತ್ತು ತಿನ್ನಲಿಕ್ಕೆ ಶುರು ಮಾಡಿದವು. ಪುಕ್ಕದಲ್ಲಿ ಗಂಧಕ ಜಾಸ್ತಿ, ಅದಕ್ಕೇ ಅಂತ ಡಾಕ್ಟ್ರು ಹೇಳಿದರು. ಭಾವ, ನೂರು ಕಿಲೋಗೆ ಇನ್ನೂರು ಗ್ರಾಂ ಹಾಕಿ ನೋಡಿ.

ತೋಟದ ಕೆರೆ, ಪೆರ್ಲ
ಅದನ್ನು ನೆನೆಸಿದ ಹಿಂಡಿಗೆ ಕಲಸಿದರೆ ಆಯ್ತಾ?

ಬದಿಯಡ್ಕ ಕೋಳಿ
ಆಯ್ತು.

ಲ್ಯಾಬ್ ಅಕ್ಕ
ಆಗಲಿಲ್ಲ! ಕೋಳಿ ತಿನ್ನುವುದು ನೆಲದ ಮೇಲೆ, ಮೀನು ತಿನ್ನುವುದು ನೀರಿನಲ್ಲಿ. ನೆನೆಸಿದ ಉಂಡೆಗೆ ಪುಡಿ ಕಲಸಿ ಇಳಿಸಿದರೆ ಮೀನು ಬಾಯಿ ಹಾಕುವ ಮೊದಲೇ ಅದರಲ್ಲಿ ಒಂದು ಪಾಲು ನೀರಿಗೆ ಕರಗಿ ಹೋಗುತ್ತದೆ. ತಿಂಡಿ ಕಂಪೆನಿಗಳು ಗುಳಿಗೆಯ ಒಳಗೆ ಸೇರಿಸಿ, ಬಿಸಿಯಲ್ಲಿ ಒತ್ತಿ, ಮೇಲೆ ಎಣ್ಣೆ ಹಚ್ಚುವುದು ಸುಮ್ನೆ ಅಲ್ಲ.

ಇನ್ನು ಕಟ್ಲ, ರೋಹು, ಗೆಂಡೆ ಜಾತಿಯ ಮೀನುಗಳಿಗೆ ಜಠರವೇ ಇಲ್ಲ, ಬಾಯಿಯಿಂದ ಸೀದಾ ಕರುಳು. ಬಿಡಿ ಅಮೈನೋ ಆಮ್ಲ ಕೊಟ್ಟರೆ ಅದು ಬೇಗ ರಕ್ತಕ್ಕೆ ಹೋಗುತ್ತದೆ. ಹಿಂಡಿಯ ಪ್ರೋಟೀನು ಒಡೆದು ಬರುವಷ್ಟರಲ್ಲಿ ಇದರ ಹೊತ್ತು ಮುಗಿದಿರುತ್ತದೆ. ಮನೆ ಕಟ್ಟುವಾಗ ಮೇಸ್ತ್ರಿ ಬೆಳಗ್ಗೆ ಬಂದು ಹೋದ, ಕಲ್ಲಿನ ಲಾರಿ ಸಂಜೆ ಬಂತು, ಹಾಗೆ. ತಿಲಾಪಿಯಕ್ಕೆ ಜಠರ ಇದೆ, ಸ್ವಲ್ಪ ವಾಸಿ.

ಅದಕ್ಕಿಂತ ದೊಡ್ಡ ತೊಂದರೆ ಬೇರೆ ಇದೆ. ನಿಮ್ಮ ತಿಂಡಿಯ ಲೆಕ್ಕ ಹಾಕಿದೆ. ನೆಲಗಡಲೆ ಹಿಂಡಿ 50, ತೌಡು 50. ಒಟ್ಟು ಪ್ರೋಟೀನು ನೂರಕ್ಕೆ 29ರ ಹತ್ತಿರ, ಅದು ಸಾಕು. ಆ ಪ್ರೋಟೀನಿನ ಒಳಗೆ ಮೆಥಿಯೋನೀನ್, ಸಿಸ್ಟೀನ್ ಸೇರಿ ಸುಮಾರು 2.7. ನೈಲ್ ತಿಲಾಪಿಯಕ್ಕೆ ಬೇಕಾದದ್ದು 3.2 ಅಂತ 1988ರಲ್ಲೇ ಲೆಕ್ಕ ಮಾಡಿ ಇಟ್ಟಿದ್ದಾರೆ. ಅಂದರೆ ನಿಮ್ಮಲ್ಲಿ ಗಂಧಕದ ಅಮೈನೋ ಆಮ್ಲ ಕಮ್ಮಿ ಇದೆ, ಆದರೆ ತೀರಾ ಅಲ್ಲ. ಈಗ ಲೈಸೀನ್ ನೋಡಿ, ಅದೂ ತಿಂಡಿಯಿಂದಲೇ ಬರಬೇಕಾದ ಇನ್ನೊಂದು ಅಮೈನೋ ಆಮ್ಲ. ಬೇಕಾದದ್ದು 5.1, ನಿಮ್ಮ ಉಂಡೆಯಲ್ಲಿ 3.6. ಲೈಸೀನಿನಲ್ಲಿ ಗಂಧಕದ ಹೆಸರೂ ಇಲ್ಲ!

ಕಟ್ಟದ ಜನ, ಏತಡ್ಕ
ಅಕ್ಕ ಹೇಳಿದ್ದು ನಮ್ಮ ಕಟ್ಟದ ಹಾಗೆ. ಡಿಸೆಂಬರಿನಲ್ಲಿ ತೋಡಿಗೆ ಅಡ್ಡ ಕಲ್ಲು ಮಣ್ಣು ಹಾಕಿ ಕಟ್ಟ ಕಟ್ಟುತ್ತೇವೆ ಅಲ್ವಾ. ಎಡಗಡೆ ಆಳೆತ್ತರ ಏರಿಸಿ, ಬಲಗಡೆ ಮೊಣಕಾಲು ಮಟ್ಟಕ್ಕೆ ಬಿಟ್ಟರೆ ನೀರು ನಿಲ್ಲುವುದು ಮೊಣಕಾಲಿನಷ್ಟೇ. ಮೆಥಿಯೋನೀನ್ ಕಡೆ ಎಷ್ಟು ಕಲ್ಲು ಹೇರಿದರೂ ನೀರು ಲೈಸೀನ್ ಕಡೆಯಿಂದ ಹೋಗುತ್ತದೆ.

ಲ್ಯಾಬ್ ಅಕ್ಕ
ಇದನ್ನು ನಾನು ಕ್ಲಾಸಿನಲ್ಲಿ ಹೇಳಲಿಕ್ಕೆ ಕದಿಯುತ್ತೇನೆ.

ಬದಿಯಡ್ಕ ಕೋಳಿ
ಲೈಸೀನ್ ಪುಡಿಯೂ ಸಿಗುತ್ತದೆ ಹಾಗಾದ್ರೆ. ಎರಡೂ ಹಾಕಿ.

ಲ್ಯಾಬ್ ಅಕ್ಕ
ನಿಮಗೆ ಪುಡಿ ಮಾರಿದ್ದಕ್ಕೆ ಕಮಿಷನ್ ಏನಾದ್ರೂ ಉಂಟಾ? ಪುಡಿ ಬೇಡ. ಹಿಂಡಿ ಬದಲಾಯಿಸಿ. ಸೋಯಾ ಹಿಂಡಿ 30, ನೆಲಗಡಲೆ ಹಿಂಡಿ 20, ತೌಡು 40, ಒಣಮೀನಿನ ಪುಡಿ 10. ಲೈಸೀನ್ 5ರ ಮೇಲೆ ಹೋಗುತ್ತದೆ, ಗಂಧಕದ್ದು 3ರ ಹತ್ತಿರ ಬರುತ್ತದೆ. ಸೋಯಾ ಹಿಂಡಿ ಬಿಸಿ ಮಾಡಿದ್ದೇ ಆಗಿರಬೇಕು. ಹಸಿ ಸೋಯಾ ಬೀಸಿ ಹಾಕಬೇಡಿ, ಅದರಲ್ಲಿ ಜೀರ್ಣಕ್ಕೆ ಅಡ್ಡ ಬರುವ ವಸ್ತು ಇದೆ.

ತೋಟದ ಕೆರೆ, ಪೆರ್ಲ
ಒಣಮೀನಿನ ಪುಡಿ! ಬೆಳ್ಳುಳ್ಳಿಗೇ ಕಲ್ಲು ಅಂಗಳಕ್ಕೆ ಹೋಗಿದೆ. ಇನ್ನು ನಾನೇ ಅಂಗಳದಲ್ಲಿ ಮಲಗಬೇಕು.

ಕುಂಬಳೆ ಕಡಲು
ನಮ್ಮಲ್ಲಿಗೆ ಬನ್ನಿ ಭಟ್ರೆ, ಬೂತಾಯಿ ಒಣಗಿಸಿ ಪುಡಿ ಮಾಡಿಯೇ ಕೊಡುತ್ತೇವೆ, ಮೂಗು ಮುಚ್ಚಿಕೊಂಡು ಡಿಕ್ಕಿಯಲ್ಲಿ ಹಾಕಿಕೊಂಡು ಹೋಗಿ. ಒಂದೇ ಮಾತು, ತಿನ್ನಲಿಕ್ಕೆ ಉಪ್ಪು ಹಾಕಿ ಒಣಗಿಸಿದ್ದು ತಗೊಳ್ಳಬೇಡಿ. ಹೊಯಿಗೆಯಲ್ಲಿ ಹರಡಿದ್ದೂ ಬೇಡ, ತೂಕದಲ್ಲಿ ಕಾಲು ಭಾಗ ಹೊಯಿಗೆಯೇ ಬರುತ್ತದೆ. ನನಗೆ ಅನುಭವ ಉಂಟು.

ಮೊಗ್ರಾಲ್ ಗೂಡು
ಹೊಳೆಬಾಯಿಯಲ್ಲಿ ಗೂಡು ಹಾಕಿ ಕಾಳಾಂಜಿ ಸಾಕುವವನು ನಾನು. ಇಲ್ಲಿ ಮೆಥಿಯೋನೀನ್ ಒಂದನ್ನೇ ಹೇಳಿದಿರಿ, ಟಾರಿನ್ ಬಿಟ್ಟಿರಿ. ಅದೂ ಗಂಧಕದ್ದೇ. ಒಂದು ಕಾಲದಲ್ಲಿ ನಮ್ಮ ಗೂಡಿನವರೆಲ್ಲ ಮೀನುಹುಡಿ ದುಬಾರಿ ಅಂತ ಸೋಯಾ ಜಾಸ್ತಿ ಇರುವ ಅಗ್ಗದ ತಿಂಡಿಗೆ ಹೋದೆವು. ಮೀನು ತಿನ್ನುತ್ತಿತ್ತು, ಆದರೆ ಮೈ ಕಟ್ಟಲಿಲ್ಲ. ಆಮೇಲೆ ತಿಂಡಿಯವರ ಕಡೆಯಿಂದ ಬಂದ ಒಬ್ಬರು ಹೇಳಿದ್ದು ಈ ಟಾರಿನ್ ವಿಷಯ.

ಲ್ಯಾಬ್ ಅಕ್ಕ
ಸರಿಯಾಗಿ ಹೇಳಿದಿರಿ, ಆದರೆ ಅದು ಕಡಲಿನ ಮಾಂಸಾಹಾರಿ ಮೀನುಗಳ ಕಥೆ. ಟಾರಿನ್ ಪ್ರೋಟೀನಿನ ಒಳಗೆ ಸೇರುವುದಿಲ್ಲ, ಬಿಡಿಯಾಗಿಯೇ ಇರುತ್ತದೆ. ಮೀನು, ಮಾಂಸದಲ್ಲಿ ಧಾರಾಳ, ಹಿಂಡಿಯಲ್ಲಿ ಇಲ್ಲವೇ ಇಲ್ಲ ಅನ್ನಬಹುದು. ಮೀನಿನ ಪಿತ್ತರಸದ ಆಮ್ಲ ಟಾರಿನ್ ಜೊತೆ ಸೇರಿಕೊಂಡು ಕೊಬ್ಬು ಕರಗಿಸುತ್ತದೆ. ಜಪಾನಿನಲ್ಲಿ ಯೆಲ್ಲೋಟೇಲ್, ರೆಡ್ ಸೀ ಬ್ರೀಮ್ ಮೀನುಗಳಿಗೆ ಮೀನುಹುಡಿ ತೆಗೆದು ಸೋಯಾ ತಿಂಡಿ ಕೊಟ್ಟಾಗ ಪಿತ್ತಜನಕಾಂಗ ಹಸಿರು ಬಣ್ಣಕ್ಕೆ ತಿರುಗಿತು. ಟಾರಿನ್ ಸೇರಿಸಿದ ಮೇಲೆ ಸರಿಯಾಯಿತು. ಆ ಮೀನುಗಳಿಗೆ ಸಿಸ್ಟೀನ್‌ನಿಂದ ಟಾರಿನ್ ಮಾಡುವ ಶಕ್ತಿ ತೀರಾ ಕಮ್ಮಿ. ಗೆಂಡೆಯಂಥ ಸಿಹಿನೀರಿನ ಮೀನುಗಳು ಸಾಕಷ್ಟು ಮಾಡಿಕೊಳ್ಳುತ್ತವೆ.

ಪೈವಳಿಕೆ ಹುಡುಗ
ಟಾರಿನ್ ಅಂದರೆ ಎನರ್ಜಿ ಡ್ರಿಂಕಿನಲ್ಲಿ ಇರುವುದಾ? ಕೆರೆಗೆ ಎರಡು ಡಬ್ಬ ಸುರಿದರೆ ಮೀನು ಹಾರಬಹುದು 😄

ಮೊಗ್ರಾಲ್ ಗೂಡು
ಅದೇ. ಎತ್ತಿನ ಪಿತ್ತದಲ್ಲಿ 1827ರಲ್ಲಿ ಮೊದಲು ಸಿಕ್ಕಿದ್ದು, ಅದಕ್ಕೇ ಲ್ಯಾಟಿನ್‌ನಲ್ಲಿ ಹೋರಿಯ ಹೆಸರು ಇಟ್ಟಿದ್ದಾರೆ. ಬೆಕ್ಕಿಗೆ ಟಾರಿನ್ ಸಿಗದಿದ್ದರೆ ಕಣ್ಣು ಹೋಗುತ್ತದೆ. ನಿನ್ನ ಮನೆಯ ಬೆಕ್ಕಿಗೆ ಬರೀ ಮಜ್ಜಿಗೆ ಅನ್ನ ಹಾಕಬೇಡ ಮಾರಾಯ.

ಪೈವಳಿಕೆ ಹುಡುಗ
ನಮ್ಮ ಬೆಕ್ಕು ಪಕ್ಕದ ಮನೆಯಲ್ಲಿ ಬಂಗುಡೆ ತಿಂದು ಬರುತ್ತದೆ. ಟಾರಿನ್ ಫುಲ್.

ಕೋರೆ ಮೀನು, ಎಣ್ಮಕಜೆ
ಕಣ್ಣು ಅಂದದ್ದಕ್ಕೆ ನೆನಪಾಯಿತು. ಮೆಥಿಯೋನೀನ್ ಕಮ್ಮಿಯಾದರೆ ರೇನ್‌ಬೋ ಟ್ರೌಟ್ ಮೀನಿನ ಕಣ್ಣಿಗೆ ಪೊರೆ ಬರುತ್ತದೆ ಅಂತ ಓದಿದ್ದೆ. ಭಟ್ರೆ, ನಿಮ್ಮ ಮೀನಿನ ಕಣ್ಣು ನೋಡಿದಿರಾ? ಮಧ್ಯದಲ್ಲಿ ಹಾಲಿನ ಹಾಗೆ ಬೆಳ್ಳಗಾಗಿದೆಯಾ?

ತೋಟದ ಕೆರೆ, ಪೆರ್ಲ
ನೋಡಿದೆ. ಕಣ್ಣು ಸ್ಪಷ್ಟ ಇದೆ. ನನ್ನನ್ನೇ ನೋಡುತ್ತಿತ್ತು.

ಸೀತಾಂಗೋಳಿ ಸಾಸಿವೆ
ನಮ್ಮ ಕಲ್ಲಿನ ಕೋರೆಯಲ್ಲಿ ಕೆಲಸಕ್ಕೆ ಬಂಗಾಳದವರು ಇದ್ದಾರೆ. ಅವರು ಹೇಳುವುದು, ಅವರ ಊರಿನಲ್ಲಿ ಎಲ್ಲರೂ ಕೆರೆಗೆ ಸಾಸಿವೆ ಹಿಂಡಿ ಹಾಕುವುದು, ಮೀನು ಬುರ್ರ್ ಅಂತ ಬೆಳೆಯುತ್ತದೆ ಅಂತ. ಸಾಸಿವೆಯ ಖಾರವೂ ಗಂಧಕದ್ದೇ ಅಲ್ವಾ? ಆ ಗಂಧಕ ಆಗುತ್ತದಾ?

ಲ್ಯಾಬ್ ಅಕ್ಕ
ಅದು ಉಲ್ಟಾ ಗಂಧಕ! ಸಾಸಿವೆಯಲ್ಲಿ ಗ್ಲುಕೋಸಿನೋಲೇಟ್ ಅಂತ ಇದೆ. ಅದು ಒಡೆದಾಗ ಬರುವ ಐಸೋಥಯೋಸಯನೇಟ್, ಥಯೋಸಯನೇಟ್ ಥೈರಾಯಿಡ್‌ಗೆ ಅಡ್ಡ ಬರುತ್ತವೆ. ಥೈರಾಯಿಡ್ ನಿಧಾನವಾದರೆ ಬೆಳವಣಿಗೆಯೂ ನಿಧಾನ. ತಿಂಡಿಯಲ್ಲಿ ಸ್ವಲ್ಪ ಇದ್ದರೆ ಗೆಂಡೆ ಮೀನು ತಡೆದುಕೊಳ್ಳುತ್ತದೆ, ಜಾಸ್ತಿಯಾದರೆ ತೂಕ ಇಳಿಯುತ್ತದೆ. ಬಂಗಾಳದಲ್ಲಿ ಸಾಸಿವೆ ಹಿಂಡಿಯನ್ನು ಬಹಳ ಕಡೆ ಕೆರೆಗೆ ಗೊಬ್ಬರದ ಹಾಗೂ ಹಾಕುತ್ತಾರೆ. ನೀರು ಹಸಿರಾಗಿ ಅದರ ಸಣ್ಣ ಜೀವಿಗಳನ್ನು ಮೀನು ತಿನ್ನುವುದು ಬೇರೆ ಲೆಕ್ಕ.

ಸೀತಾಂಗೋಳಿ ಸಾಸಿವೆ
ಅಂದ್ರೆ ಒಂದು ಗಂಧಕ ಬೆಳೆಸುತ್ತದೆ, ಒಂದು ಗಂಧಕ ನಿಲ್ಲಿಸುತ್ತದೆ. ಒಳ್ಳೆ ಕಥೆ.

ಮುಳ್ಳೇರಿಯ ಮೂಲಿಕೆ
ಬೆಳ್ಳುಳ್ಳಿಯನ್ನು ಯಾರೂ ಮಾತಾಡುತ್ತಾ ಇಲ್ಲ. ನೂರು ಗ್ರಾಂ ಜಾಸ್ತಿ ಆಯಿತು, ಅದರಿಂದಲೇ ಬೆಳವಣಿಗೆ ನಿಂತಿದೆ ಅಂತ ನನ್ನ ಅಭಿಪ್ರಾಯ.

ಲ್ಯಾಬ್ ಅಕ್ಕ
ಹಾಗೆ ಹೇಳುವ ಹಾಗಿಲ್ಲ. ಮೂರು ಕಿಲೋಗೆ ನೂರು ಗ್ರಾಂ ಹಸಿ ಬೆಳ್ಳುಳ್ಳಿ ಅಂದರೆ ನೂರಕ್ಕೆ ಮೂರು ಚಿಲ್ಲರೆ. ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ನೀರೇ. ಒಣಗಿದ ಲೆಕ್ಕದಲ್ಲಿ ನೂರಕ್ಕೆ ಒಂದರ ಆಸುಪಾಸು ಬರುತ್ತದೆ. ತಿಲಾಪಿಯ, ಟ್ರೌಟ್ ಮೇಲೆ ಪ್ರಯೋಗ ಮಾಡಿದವರೂ ಅರ್ಧ, ಒಂದು ಅಂತಲೇ ಕೊಟ್ಟಿದ್ದಾರೆ, ರೋಗ ತಡೆಯುವ ಶಕ್ತಿ ಹೆಚ್ಚಿದ್ದನ್ನು ಕಂಡಿದ್ದಾರೆ. ಜಜ್ಜಿದಾಗ ಹುಟ್ಟುವ ಆಲಿಸಿನ್ ಕೆಲಸ ಮಾಡುವುದು. ಬೇಯಿಸಿ ಹಾಕಿದರೆ ಅದು ಹುಟ್ಟುವುದೇ ಇಲ್ಲ. ಆದರೆ ಆಲಿಸಿನ್‌ನ ಗಂಧಕದಿಂದ ಮೀನು ಮೆಥಿಯೋನೀನ್ ಮಾಡಿಕೊಳ್ಳುವುದಿಲ್ಲ. ಅದು ಮದ್ದು ಇದ್ದ ಹಾಗೆ, ಊಟ ಅಲ್ಲ.

ಮುಳ್ಳೇರಿಯ ಮೂಲಿಕೆ
ನನ್ನ ಅಭಿಪ್ರಾಯ ನನಗೆ.

ಪೈವಳಿಕೆ ಹುಡುಗ
ಗಾಳ ಹಾಕುವವರು ಡಿಎಂಪಿಟಿ ಅಂತ ಒಂದು ಪುಡಿ ತರಿಸುತ್ತಾರೆ, ಗೊತ್ತುಂಟಾ? ಚಿಟಿಕೆ ಹಾಕಿದರೆ ಮೀನು ಓಡಿ ಬರುತ್ತದೆ. ಅದೂ ಗಂಧಕದ್ದು ಅಂತ ಪ್ಯಾಕೆಟ್ಟಿನಲ್ಲಿ ಇತ್ತು.

ಕುಂಬಳೆ ಕಡಲು
ಹೌದು, ಕಡಲಿನ ಪಾಚಿಯಲ್ಲಿ ಇರುವಂಥದ್ದೇ ವಸ್ತು ಅದು. ಕಡಲ ಕರೆಯ ವಾಸನೆ ಅಂತೀವಲ್ಲ, ಅದರಲ್ಲಿ ಒಂದು ಪಾಲು ಆ ವಸ್ತು ಒಡೆದು ಬರುವ ಗಾಳಿಯದ್ದು. ಮೀನಿಗೆ ಅದು ಊಟದ ಗಂಟೆ. ಜಪಾನಿನವರು ತಿಂಡಿಯಲ್ಲಿ ಹಾಕಿ, ಮೀನು ಜಾಸ್ತಿ ತಿಂದು ಬೆಳೆದದ್ದನ್ನು ತೋರಿಸಿದ್ದಾರೆ. ಭಟ್ರ ಮೀನು ತಿನ್ನುತ್ತಾ ಇದೆಯಲ್ಲ, ಅವರಿಗೆ ಯಾಕೆ?

ಕೋರೆ ಮೀನು, ಎಣ್ಮಕಜೆ
ಕೆಸರಿನ ವಾಸನೆಗೆ ಯಾರೂ ಉತ್ತರ ಕೊಡಲಿಲ್ಲ. ನನಗೆ ಅದೇ ದೊಡ್ಡ ಹೆದರಿಕೆ. ಭಟ್ರೆ, ಅದು ಗೊಬ್ಬರ ಅಲ್ಲ, ವಿಷ. ಉಳಿದ ಉಂಡೆ ಅಡಿಗೆ ಹೋಗಿ ಕೊಳೆಯುತ್ತದೆ. ಅಲ್ಲಿ ಆಮ್ಲಜನಕ ಮುಗಿದ ಮೇಲೆ ಒಂದು ಜಾತಿಯ ಬ್ಯಾಕ್ಟೀರಿಯ ಸಲ್ಫೇಟನ್ನು ಉಸಿರಾಡಿ ಹೈಡ್ರೋಜನ್ ಸಲ್ಫೈಡ್ ಬಿಡುತ್ತದೆ. ಕಪ್ಪು ಕೆಸರು, ಕೊಳೆತ ಮೊಟ್ಟೆ ವಾಸನೆ ಅಂದರೆ ಅದೇ. ಅದು ಮೀನಿನ ಜೀವಕೋಶ ಆಮ್ಲಜನಕ ಬಳಸುವುದನ್ನೇ ನಿಲ್ಲಿಸುತ್ತದೆ.

ನಮ್ಮ ಕಡೆಯ ಕೆಂಪುಕಲ್ಲಿನ ನೀರು ಹುಳಿ. ಪಿಎಚ್ 6 ಇದ್ದರೆ ಆ ಸಲ್ಫೈಡ್‌ನಲ್ಲಿ ಹತ್ತರಲ್ಲಿ ಒಂಬತ್ತು ಪಾಲು ವಿಷದ ರೂಪದಲ್ಲೇ ಇರುತ್ತದೆ. ಅದೇ ಪಿಎಚ್ 8ಕ್ಕೆ ಹೋದರೆ ಹತ್ತರಲ್ಲಿ ಒಂದೇ ಪಾಲು. ನಾನು ಮೊದಲ ವರ್ಷ ಕೋರೆಗೆ ಸುಣ್ಣ ಹಾಕದೆ ಮೀನು ಬಿಟ್ಟೆ. ಮೋಡ ಮುಚ್ಚಿದ ಮೂರನೇ ದಿನ ಬೆಳಗ್ಗೆ ಹೋಗಿ ನೋಡಿದರೆ ಮೀನೆಲ್ಲ ಮೇಲೆ ಬಂದು ಬಾಯಿ ತೆರೆದು ನಿಂತಿದ್ದವು. ಮಧ್ಯಾಹ್ನಕ್ಕೆ ಇನ್ನೂರು ಹೋದವು.

ತೋಟದ ಕೆರೆ, ಪೆರ್ಲ
ಪಿಎಚ್ ನೋಡುವ ಕಾಗದ ಇದೆ. ಈಗಷ್ಟೇ ನೋಡಿದೆ, 6ರ ಹಳದಿ. ಈಗಲೇ ಸುಣ್ಣ ಹಾಕಬಹುದಾ?

ಕೋರೆ ಮೀನು, ಎಣ್ಮಕಜೆ
ಸುಟ್ಟ ಸುಣ್ಣ ಬೇಡ, ಮೀನು ಇರುವಾಗ ಪಿಎಚ್ ಒಮ್ಮೆಲೆ ಏರುತ್ತದೆ. ಸುಡದ ಸುಣ್ಣದ ಕಲ್ಲಿನ ಪುಡಿ ಅಥವಾ ಡೋಲೊಮೈಟ್, ಸ್ವಲ್ಪ ಸ್ವಲ್ಪ. ಮೊದಲು ಉಂಡೆ ಕಮ್ಮಿ ಮಾಡಿ. ಬುಟ್ಟಿ ಅರ್ಧ ಗಂಟೆಗೆ ಎತ್ತಿ ನೋಡಿ, ಉಳಿದಿದ್ದರೆ ಅದು ನಾಳೆಯ ಸಲ್ಫೈಡ್.

ಅಡಕೆ ಅಜ್ಜ
ಕೆರೆ ತೋಟದ ಕೆಳಗೆ ಅಂತೀರಿ. ಮದ್ದು ಬಿಟ್ಟ ನೀರು ಇಳಿಯುವುದಿಲ್ಲವಾ? ನಮ್ಮಲ್ಲಿ ಕೊಳೆರೋಗಕ್ಕೆ ಮದ್ದು ಬಿಟ್ಟ ದಿನ ಡ್ರಮ್ಮು ತೊಳೆದ ನೀರು ತೋಡಿಗೆ ಹೋಗಿ, ಕೆಳಗಿನ ಗುಂಡಿಯಲ್ಲಿ ಇದ್ದ ಸಣ್ಣ ಮೀನು ಎಲ್ಲ ಹೊಟ್ಟೆ ಮೇಲೆ ಮಾಡಿದ್ದವು. ಮೈಲುತುತ್ತಿನಲ್ಲಿ ಗಂಧಕ ಉಂಟಂತೆ. ಗಂಧಕ ಜಾಸ್ತಿಯಾಗಿ ಸತ್ತದ್ದಾ?

ಲ್ಯಾಬ್ ಅಕ್ಕ
ಅಲ್ಲ ಅಜ್ಜ, ಗಂಧಕ ಅಲ್ಲಿ ಅಮಾಯಕ. ಕೊಂದದ್ದು ಮೈಲುತುತ್ತಿನ ತಾಮ್ರ. ನೀವು ಬಿಟ್ಟ ಬೋರ್ಡೋ ಮದ್ದು ಅಂದರೆ ನೂರು ಲೀಟರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ. ತಾಮ್ರ ಕಿವಿರಿಗೆ ಹಿಡಿಯುತ್ತದೆ. ಸುಣ್ಣದ ಅಂಶ ಇರುವ ಗಡಸು ನೀರಿನಲ್ಲಿ ಅದರ ವಿಷ ಕಮ್ಮಿ, ನಮ್ಮ ಮೆದು ನೀರಿನಲ್ಲಿ ಜಾಸ್ತಿ. ಡ್ರಮ್ಮು ತೊಳೆದ ನೀರು ತೋಟದಲ್ಲೇ ಇಂಗಲಿ, ತೋಡಿಗೆ ಬೇಡ.

ಕಟ್ಟದ ಜನ, ಏತಡ್ಕ
ಮದ್ದು ಅಂದ ಕೂಡಲೇ ನಮ್ಮ ಕಡೆಯವರಿಗೆ ಬೇರೆಯೇ ನೆನಪು. ಗೇರು ಗುಡ್ಡಕ್ಕೆ ಹೆಲಿಕಾಪ್ಟರಿನಲ್ಲಿ ಬಿಟ್ಟ ಎಂಡೋಸಲ್ಫಾನ್. ಆ ಹೆಸರಿನಲ್ಲೇ ಸಲ್ಫ್ ಇದೆ. ಬಿಟ್ಟ ಮರುದಿನ ತೋಡಿನಲ್ಲಿ ಕಪ್ಪೆ, ಮೀನು ತೇಲುತ್ತಿದ್ದದ್ದು ನಾನು ಶಾಲೆಗೆ ಹೋಗುವ ದಾರಿಯಲ್ಲಿ ನೋಡಿದ್ದೇನೆ. 2000ದ ಇಸವಿಯವರೆಗೂ ಬಿಟ್ಟರು, ಸುಪ್ರೀಂ ಕೋರ್ಟು ಇಡೀ ದೇಶದಲ್ಲಿ ನಿಲ್ಲಿಸಿದ್ದು 2011ರಲ್ಲಿ.

ಅಡಕೆ ಅಜ್ಜ
ಅದನ್ನು ಯಾರು ಮರೆಯುತ್ತಾರೆ.

ನೀರ್ಚಾಲು ಟೀಚರ್
ಸ್ವಲ್ಪ ವಿಷಯ ಬಿಟ್ಟು ಹೋಗುತ್ತೇನೆ, ಕ್ಷಮಿಸಿ. ಮೀನು ಸಾಕುವ ತರಬೇತಿಗೆ ನಮ್ಮವರೂ ಹೋಗಿದ್ದರು. ಪುಸ್ತಕ ಪೂರ್ತಿ ಮಲಯಾಳ. ಮಾತು ಅರ್ಥವಾಗುತ್ತದೆ, ಓದಲಿಕ್ಕೆ ಬರುವುದಿಲ್ಲ. ತಿಂಡಿಯ ಚೀಲದ ಮೇಲೆ ಇರುವುದು ಇಂಗ್ಲಿಷ್. 1956ರಲ್ಲಿ ನಮ್ಮ ಕಾಸರಗೋಡು ಕೇರಳಕ್ಕೆ ಸೇರಿದಂದಿನಿಂದ ಇದೇ ಹಾಡು. ಲೈಸೀನ್ ಅನ್ನುವ ಶಬ್ದವನ್ನು ಕನ್ನಡ ಅಕ್ಷರದಲ್ಲಿ ನಾನು ಓದಿದ್ದು ಇವತ್ತೇ ಮೊದಲು.

ಮೊಗ್ರಾಲ್ ಗೂಡು
ನಿಜ ಟೀಚರ್. ನಾನು ಚೀಲದ ಫೋಟೋ ತೆಗೆದು ಮಗಳಿಗೆ ಕಳಿಸಿ ಓದಿಸುವುದು.

ಹಟ್ಟಿಗೊಬ್ಬರ
ಈ ಮಳೆಗೆ ನೆಲಗಡಲೆ ಹಿಂಡಿ ಬೂಷ್ಟು ಹಿಡಿದಿಲ್ಲವಾ? ನಮ್ಮ ದನಕ್ಕೆ ತಂದ ಚೀಲ ಅಡಿಯಲ್ಲಿ ಹಸಿರಾಗಿತ್ತು. ಆ ಬೂಷ್ಟಿನ ವಿಷ ಮೀನಿನ ಪಿತ್ತಜನಕಾಂಗವನ್ನೂ ಹಾಳು ಮಾಡುತ್ತದಂತೆ. ಅಕ್ಕ, ಈ ಸಲವಾದರೂ ಸರಿ ಹೇಳಿದೆನಾ?

ಲ್ಯಾಬ್ ಅಕ್ಕ
ನೂರಕ್ಕೆ ನೂರು. ಅಫ್ಲಾಟಾಕ್ಸಿನ್. ಚೀಲವನ್ನು ಹಲಗೆ ಮೇಲೆ ಇಡಿ, ಗೋಡೆಗೆ ತಾಗಿಸಬೇಡಿ. ಹಸಿರು ಕಂಡರೆ ಪೂರ್ತಿ ಬಿಸಾಡಿ, ಬಿಸಿಲಿಗೆ ಹಾಕಿದರೆ ಹೋಗುವುದಿಲ್ಲ.

ಕಡವಿನ ಅಜ್ಜಿ
ಮಗಾ, ನನ್ನ ಮೊಮ್ಮಗ ಬರೆದು ಕೊಡುವುದು ಇದು. ನಾನು ನಲವತ್ತು ವರ್ಷ ಹೊಳೆಯಲ್ಲಿ ಮೀನು ಹಿಡಿದವಳು. ನಿಮ್ಮ ದೊಡ್ಡ ದೊಡ್ಡ ಶಬ್ದ ನನಗೆ ಬೇಡ. ಕೆರೆಯ ಅಂಚಿನಲ್ಲಿ ಸೊಳ್ಳೆಯ ಹುಳದ ಹಾಗೆ ಸಣ್ಣ ಮರಿ ಗುಂಪು ಕಾಣುತ್ತದಾ?

ತೋಟದ ಕೆರೆ, ಪೆರ್ಲ
ಕಾಣುತ್ತದೆ ಅಜ್ಜಿ. ಮೆಟ್ಟಿಲಿನ ಹತ್ತಿರ, ಬಿಸಿಲು ಬೀಳುವಲ್ಲಿ. ಅದು ತೋಡಿನ ಮೀನು ಅಂತ ಮಾಡಿದ್ದೆ.

ಕಡವಿನ ಅಜ್ಜಿ
ದೊಡ್ಡ ಮೀನು ಹಿಡಿದು ಬಾಯಿ ತೆರೆದು ನೋಡಿಸು.

ಲ್ಯಾಬ್ ಅಕ್ಕ
ಅಯ್ಯೋ. ಇದನ್ನು ನಾನು ಮೊದಲೇ ಕೇಳಬೇಕಿತ್ತು. ಮರಿ ತಂದ ಕಡೆ ಎಲ್ಲ ಗಂಡು ಮರಿ ಅಂತ ಕೊಟ್ಟರಾ?

ತೋಟದ ಕೆರೆ, ಪೆರ್ಲ
ಗಿಫ್ಟ್ ಅಂತ ಕೊಟ್ಟರು. ಗಿಫ್ಟ್ ಅಂದರೆ ಎಲ್ಲ ಗಂಡು ಅಂತಲೇ ತಿಳಿದುಕೊಂಡೆ.

ಮೊಗ್ರಾಲ್ ಗೂಡು
ಇಲ್ಲ ಇಲ್ಲ. ಗಿಫ್ಟ್ ಅನ್ನುವುದು ತಳಿಯ ಹೆಸರು. ಫಿಲಿಪೈನ್ಸ್‌ನಲ್ಲಿ 1988ರಲ್ಲಿ ಶುರು ಮಾಡಿ, ಬೇಗ ಬೆಳೆಯುವ ಮೀನುಗಳನ್ನೇ ತಲೆಮಾರಿನಿಂದ ತಲೆಮಾರಿಗೆ ಆರಿಸಿ ಮಾಡಿದ್ದು. ಅದರಲ್ಲಿ ಗಂಡೂ ಇದೆ, ಹೆಣ್ಣೂ ಇದೆ. ಗಂಡು ಮಾತ್ರ ಬೇಕಾದರೆ ಮರಿಯಿದ್ದಾಗಲೇ ಮೂರು ನಾಲ್ಕು ವಾರ ಹಾರ್ಮೋನ್ ತಿಂಡಿ ಕೊಟ್ಟು ತಿರುಗಿಸಬೇಕು. ಅದನ್ನು ಬೇರೆಯೇ ಕೇಳಿ ತರಬೇಕು.

ತೋಟದ ಕೆರೆ, ಪೆರ್ಲ
ಇವತ್ತು ಬೆಳಗ್ಗಿನ ಸಮಾಚಾರ ಹೇಳುತ್ತೇನೆ. ಪಕ್ಕದ ಮನೆಯ ಕಾಕ ಬಂದು ಬಲೆ ಬೀಸಿದರು. ಮೊದಲ ಬೀಸಿಗೆ ಹದಿನೇಳು ಮೀನು. ಅದರಲ್ಲಿ ಒಂದು ಬಾಯಿ ಮುಚ್ಚಿಕೊಂಡು, ಕೆಳಗಿನ ದವಡೆ ಸಂಚಿಯ ಹಾಗೆ ಊದಿಕೊಂಡಿತ್ತು. ಕಾಕ ಹೆಬ್ಬೆರಳಿನಲ್ಲಿ ಮೆಲ್ಲಗೆ ದವಡೆ ಒತ್ತಿದರು. ಬಕೆಟ್ಟಿನ ನೀರಿಗೆ ಹಳದಿ ಮೊಟ್ಟೆ ಸುರಿಯಿತು, ಸಾಸಿವೆಗಿಂತ ಸ್ವಲ್ಪ ದೊಡ್ಡದು, ಒಂದೊಂದರಲ್ಲೂ ಎರಡು ಕಪ್ಪು ಚುಕ್ಕೆ. ಕಣ್ಣು ಅಂತೆ. ನಾನು ಎಣಿಸಲಿಕ್ಕೆ ಹೋಗಿ ನೂರರ ಮೇಲೆ ಬಿಟ್ಟೆ. ಹೆಂಡತಿಯೂ ಬಂದು ನೋಡಿದಳು. ಪಾಪ, ಬಾಯಿಯಲ್ಲಿ ಮಕ್ಕಳನ್ನು ಇಟ್ಟುಕೊಂಡು ಅದು ಊಟ ಹೇಗೆ ಮಾಡುವುದು ಅಂದಳು.

ಲ್ಯಾಬ್ ಅಕ್ಕ
ಅಕ್ಕನವರು ಕೇಳಿದ್ದೇ ಸರಿಯಾದ ಪ್ರಶ್ನೆ. ಮಾಡುವುದಿಲ್ಲ. ಮರಿ ಈಜಿ ಹೊರಗೆ ಹೋಗುವವರೆಗೆ ತಾಯಿ ಉಪವಾಸ ಇದ್ದ ಹಾಗೆಯೇ. ಮತ್ತೆ ಕೆಲವು ವಾರಕ್ಕೆ ಇನ್ನೊಂದು ಸಲ. ಹೆಣ್ಣು ಮೀನು ತಿಂದದ್ದೆಲ್ಲ ಮೊಟ್ಟೆಗೆ ಹೋಗುತ್ತದೆ, ಹೊಸ ಮರಿಗಳು ಉಂಡೆಗೆ ಪಾಲು ಕೇಳುತ್ತವೆ. ಮೆಥಿಯೋನೀನ್ ಅಲ್ಲ, ಅಮೃತ ಹಾಕಿದರೂ ಈ ಕೆರೆಯಲ್ಲಿ ಕಾಲು ಕಿಲೋ ಆಗುವುದಿಲ್ಲ.

ಬದಿಯಡ್ಕ ಕೋಳಿ
ಹಾಗಾದರೆ ಇಷ್ಟು ಹೊತ್ತು ಗಂಧಕದ ಜಗಳ ಯಾಕೆ ಮಾಡಿದ್ದು?

ಲ್ಯಾಬ್ ಅಕ್ಕ
ತಿಂಡಿಯೂ ಸರಿ ಇರಲಿಲ್ಲ, ನೀರೂ ಸರಿ ಇರಲಿಲ್ಲ. ಅದನ್ನೂ ಸರಿ ಮಾಡಲೇಬೇಕು. ಕಟ್ಟದಲ್ಲಿ ಇದು ಇನ್ನೂ ತಗ್ಗಿನ ಜಾಗ, ಅಷ್ಟೇ.

ತೋಟದ ಕೆರೆ, ಪೆರ್ಲ
ಈಗ ಮಾಡುವುದು ಏನು?

ಕಡವಿನ ಅಜ್ಜಿ
ದೊಡ್ಡದನ್ನು ಹಿಡಿದು ಮಾರು. ಉಳಿದ ಗಂಡು ಬೇರೆ, ಹೆಣ್ಣು ಬೇರೆ ಮಾಡಿಸು. ಬಾಲದ ಕಡೆ ಹೊಟ್ಟೆಯ ಅಡಿ ನೋಡಿದರೆ ಗೊತ್ತಾಗುತ್ತದೆ, ನಿಮ್ಮ ಕಾಕನಿಗೆ ಗೊತ್ತಿರಬಹುದು. ಬೇಸಿಗೆಗೆ ಕೆರೆ ಖಾಲಿ ಮಾಡಿ ಕೆಸರು ತೆಗೆ, ಸುಣ್ಣ ಹಾಕಿ ಒಣಗಲಿ. ಕೆಸರು ಅಡಕೆ ಬುಡಕ್ಕೆ ಹಾಕು.

ಕೋರೆ ಮೀನು, ಎಣ್ಮಕಜೆ
ಕೆರೆ ಒಣಗಿಸಿದರೆ ಸಲ್ಫೈಡ್‌ನ ತಲೆನೋವೂ ಹೋಗುತ್ತದೆ. ಗಾಳಿ ತಾಗಿದ ಕಪ್ಪು ಕೆಸರು ಬೂದು ಬಣ್ಣಕ್ಕೆ ತಿರುಗುತ್ತದೆ, ನೋಡಿ. ಸಣ್ಣ ಮರಿ ನೀರು ಹರಿದು ತೋಡಿಗೆ ಹೋಗದ ಹಾಗೆ ಬಲೆ ಕಟ್ಟಿ. ತಿಲಾಪಿಯ ಒಮ್ಮೆ ತೋಡಿಗೆ ಹೋದರೆ ನಮ್ಮ ಊರಿನ ಮೀನಿಗೆ ಜಾಗ ಇರುವುದಿಲ್ಲ.

ಕುಂಬಳೆ ಕಡಲು
ಬೂತಾಯಿ ಪುಡಿ ಬೇಕಾದರೆ ಈಗಲೂ ಉಂಟು.

ತೋಟದ ಕೆರೆ, ಪೆರ್ಲ
ಕಾಕ ಇವತ್ತೇ ನಲವತ್ತು ಮೀನು ತಗೊಂಡು ಹೋದರು, ದುಡ್ಡು ಕೊಟ್ಟು. ಸಣ್ಣದಾದರೂ ಹುರಿಯಲಿಕ್ಕೆ ಒಳ್ಳೆಯದು ಅಂದರು. ಉಳಿದ ಅರ್ಧ ಕಿಲೋ ಬೆಳ್ಳುಳ್ಳಿಯನ್ನೂ ಅವರಿಗೇ ಕೊಟ್ಟೆ. ಕಲ್ಲು ತೊಳೆದು ಇಟ್ಟಿದ್ದೇನೆ, ಒಳಗೆ ತರಲಿಕ್ಕೆ ಇನ್ನೂ ಅಪ್ಪಣೆ ಆಗಿಲ್ಲ.